ಕ್ಯಾಪ್ಟನ್ ಚಹಾದಕ್ಕನ ಮೊದಲ ದಿನ

ನಮ್ಮದನ್ನು ಹಡಗೆಂದರೆ ಕಡಲು ನಕ್ಕೀತು. ಬೆಳಿಗ್ಗೆ ಪಟ್ಟಣಕ್ಕೆ ಹೋಗಿ ಸಂಜೆ ಮರಳುವ ಹಳೆಯ ಲಾಂಚು ಅದು. ಮಾಲೀಕ ಕೈಬಿಟ್ಟ ಮೇಲೆ ದಿನವೂ ಓಡಾಡುವ ನಾವೇ ಅದನ್ನು ಕೊಂಡು, ವರ್ಷಕ್ಕೊಮ್ಮೆ ಕೈಯೆತ್ತಿ ಕ್ಯಾಪ್ಟನ್ನನ್ನು ಆರಿಸುತ್ತೇವೆ. ಚುಕ್ಕಾಣಿ ಹಿಡಿಯಲು ಬೇರೆಯವನಿದ್ದಾನೆ. ಟೋಪಿ ಹಾಕಿಕೊಂಡು, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಅಪ್ಪಣೆ ಕೊಡಿಸುವುದಷ್ಟೇ ಕ್ಯಾಪ್ಟನ್ನನ ರಾಜ್ಯಭಾರ.

ಕೆಳಗಿನ ಅಂತಸ್ತಿನಲ್ಲಿ ಚಹಾ ಮಾರುವವಳು ಚಹಾದಕ್ಕ. ಈವರೆಗಿನ ಎಲ್ಲ ಕ್ಯಾಪ್ಟನ್ನರಿಗೂ ಕೈಯೆತ್ತಿದ್ದಾಳೆ, ಎಲ್ಲರನ್ನೂ ಬೈದಿದ್ದಾಳೆ. ದಾರಿಯಲ್ಲೊಂದು ನಡುಗಡ್ಡೆಯಿದೆ, ಅಲ್ಲಿ ಅವಳ ತಂಗಿಯ ಮನೆ. ಅಲ್ಲಿಯವರ ಓಡಾಟವೆಲ್ಲ ಆಚೆ ದಡಕ್ಕೆ; ಈಚೆಯಿಂದ ಬೇರೆ ದೋಣಿಯೂ ಇಲ್ಲ. ನಮ್ಮ ಲಾಂಚು ಅಲ್ಲಿ ನಿಲ್ಲುವುದಿಲ್ಲ. ತಂಗಿ ಕಟ್ಟೆಯ ತುದಿಗೆ ಬರುತ್ತಾಳೆ, ಅಕ್ಕ ಕಿಟಕಿಯಿಂದ ಅರ್ಧ ಮೈ ಹೊರಹಾಕುತ್ತಾಳೆ; ದಾಟುವಷ್ಟರಲ್ಲಿ ಒಂದೇ ಒಂದು ಮಾತಿಗೆ ಜಾಗ. ಬೆಳಿಗ್ಗೆ ಕೂಗಿದ್ದಕ್ಕೆ ಸಂಜೆ ಉತ್ತರ. ತಂಗಿಗೆ ತನ್ನ ಸೊಸೆಯ ಮೇಲಿದ್ದ ಒಂದು ಸಾಧಾರಣ ದೂರು ಮುಗಿಯುವಷ್ಟರಲ್ಲಿ ಅತ್ತೆ ಸೊಸೆ ರಾಜಿಯಾಗಿರುತ್ತಿದ್ದರು. ರಜೆ ಹಾಕಿದವರು ಮರುದಿನ ಬಂದು, ಆ ಮನೆಯ ಜಗಳ ಎಲ್ಲಿಯವರೆಗೆ ಬಂತೆಂದು ಪಕ್ಕದವರನ್ನು ವಿಚಾರಿಸುತ್ತಿದ್ದರು. ಅವರಮ್ಮ ತೀರಿಕೊಂಡ ಸುದ್ದಿಯೂ ಹೀಗೇ ನೀರು ದಾಟಿತು. ಅಕ್ಕ ತಂಗಿ ಒಂದೆಡೆ ಕೂತು ಅಳುವುದು ಮಾತ್ರ ಬಾಕಿ ಉಳಿಯಿತು.

ಗೆದ್ದರೆ ನಿಲ್ಲಿಸುತ್ತೇನೆಂದು ಆಣೆಯಿಡದ ಕ್ಯಾಪ್ಟನ್ನಿಲ್ಲ. ಗೆದ್ದ ಮೇಲೆ ಎಲ್ಲರೂ, ಅಲ್ಲಿ ಹೂಳು ತುಂಬಿದೆ, ಮುಂದಿನ ವರ್ಷ ತೆಗೆಸೋಣ ಎನ್ನುವವರೇ.

"ಹೂಳಂತೆ," ಎನ್ನುತ್ತಿದ್ದಳು ಚಹಾದಕ್ಕ, ಲೋಟ ತೊಳೆಯುತ್ತಾ. "ಪಾಪ, ತಲೇಲಿ ತುಂಬಿರೋದೇ ಹೊರಗೂ ಕಾಣುತ್ತೆ."

ಈ ಸಲ ಎರಡು ಬಣಗಳು ಜುಟ್ಟು ಹಿಡಿದುಕೊಂಡು ಕೂತವು. ಎರಡೂ ಕಡೆಯವರು ಕುಡಿಯುವುದು ಒಂದೇ ಚಹಾ ಆದ್ದರಿಂದ, ಒಪ್ಪಿಗೆಯಾದ ಹೆಸರು ಚಹಾದಕ್ಕನದು. ನಾವು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು. ಟೋಪಿ ಅವಳ ಕಿವಿ ಮುಚ್ಚಿತು. ಆ ಸಂಜೆಯೇ ತಂಗಿಗೆ ಕೂಗಿದಳು: "ನಾಳೆ ಬರ್ತೀನಿ ಕಣೇ."

ಮರುದಿನ ಬೆಳಿಗ್ಗೆ ಮಹಾರಾಣಿಯವರು ಮೊದಲ ಬಾರಿ ಮೇಲಿನ ಅಂತಸ್ತಿಗೆ ದಯಮಾಡಿಸಿದರು. ಕೆಳಗಿನ ಕಿಟಕಿಯಿಂದ ಎಂದೂ ಕಾಣದ್ದು ಅಲ್ಲಿಂದ ಕಂಡಿತು. ಕಟ್ಟೆಯ ಮುಂದಿನ ನೀರಿನಲ್ಲಿ ಕೊಕ್ಕರೆಗಳು ಆರಾಮವಾಗಿ ನಡೆದಾಡುತ್ತಿದ್ದವು.

"ಹೇಳಿ ಅಕ್ಕಾ, ತಿರುಗಿಸ್ತೀನಿ," ಎಂದ ಚುಕ್ಕಾಣಿಯವನು. "ಒಳಗೆ ಹೋದ್ರೆ ಹೂಳಲ್ಲಿ ಕೂತ್ಕೊಳ್ಳುತ್ತೆ. ಮತ್ತೆ ನೀರೇರೋದು ಮಧ್ಯಾಹ್ನಾನೇ."

ಅವಳು ನಮ್ಮತ್ತ ತಿರುಗಿದಳು. ಗಿರಣಿ ಗೇಟು ಮುಚ್ಚುವ ಮೊದಲು ತಲುಪಬೇಕಾದವರು, ಆಸ್ಪತ್ರೆಯಲ್ಲಿ ರಾತ್ರಿಪಾಳಿಯವಳನ್ನು ಬಿಡಿಸಬೇಕಾದ ನರ್ಸು. ನಾವೆಲ್ಲ ಗಡಿಯಾರ ನೋಡಿಕೊಂಡೆವು. ಕಟ್ಟೆಯ ಮೇಲೆ ತಂಗಿ ತಲೆ ಬಾಚಿ, ಒಳ್ಳೆಯ ಸೀರೆಯುಟ್ಟು ನಿಂತಿದ್ದಳು.

"ಸೀದಾ ನಡಿ," ಎಂದಳು ಚಹಾದಕ್ಕ. ಆಮೇಲೆ ನೀರಿನತ್ತ ಬಾಗಿ ಕೂಗಿದಳು: "ಆಗಲ್ಲ ಕಣೇ. ನಿಜವಾಗ್ಲೂ ಹೂಳಿದೆ."

ಆ ದಿನ ಅವಳ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ.

ಸಂಜೆ ಉತ್ತರ ಕಾದಿತ್ತು. ತಂಗಿ ಸೀರೆ ಬದಲಿಸಿರಲಿಲ್ಲ.

"ಹಳೇ ಕ್ಯಾಪ್ಟನ್ನು ನಿಲ್ಲಿಸ್ತೀನಿ ಅಂತಾದ್ರೂ ಅಂತಿದ್ದ."

ಚಹಾದಕ್ಕ ವೇಗ ತಗ್ಗಿಸಲು ಹೇಳಿದಳು. ಚುಕ್ಕಾಣಿಯವನು ತಗ್ಗಿಸಿದ. ಆದರೂ ಕಟ್ಟೆ ಹಿಂದಕ್ಕೆ ಸರಿಯುತ್ತಲೇ ಇತ್ತು.