ಪೋಪ್ ಗದಿಗೆಪ್ಪನವರು

ಕೆನಡಾದ ಮಾರ್ಕಮ್‌ನಲ್ಲಿ ಯಾವ ಕನ್ನಡಿಗರ ಮನೆಯಲ್ಲಿ ಪೂಜೆಯಾದರೂ, ಊಟಕ್ಕೆ ಗದಿಗೆಪ್ಪನವರ ಪಕ್ಕ ಕುಳಿತವರಿಗೆ ಒಬ್ಬ ಪೋಪ್ ಗ್ಯಾರಂಟಿ. ಧಾರವಾಡದ ಕಡೆಯಿಂದ ಬಂದು, ಇಲ್ಲಿ ಮಧ್ಯಯುಗದ ಇತಿಹಾಸ ಕಲಿಸಿ ನಿವೃತ್ತರಾದ ಈ ಹಿರಿಯರಿಗೆ ಯಾವ ವಿಷಯವೂ ರೋಮ್‌ನಿಂದ ದೂರವಿಲ್ಲ. "ಬಹಿಷ್ಕಾರ ಹಾಕಿ ಚಕ್ರವರ್ತಿನ್ನ ಹಿಮದಾಗ ಬರಿಗಾಲಲ್ಲೆ ನಿಂದ್ರಿಸಿದ್ನರೀ ಪೋಪ್! ಕೈಯಾಗ ಒಂದು ಕತ್ತಿ ಇರಲಿಲ್ಲ!" ಎಂದು ರೊಟ್ಟಿ ಮುರಿಯುತ್ತಾರೆ. ಪೋಪ್ ಮುನಿದರೆ ಇಡೀ ದೇಶದ ಚರ್ಚುಗಳಿಗೆ ಬೀಗ ಬೀಳುತ್ತಿದ್ದುದನ್ನು ಅವರು ವರ್ಣಿಸಿ ಮುಗಿಸುವಷ್ಟರಲ್ಲಿ ಎಲ್ಲರ ಸಾರು ಆರಿರುತ್ತದೆ. "ಅಪ್ಪಾ, ಲೆಟ್ ದೆಮ್ ಈಟ್" ಎಂದು ಮಗಳು ಮಾಲವಿಕಾ ಗದರಿದರೆ, ಮುಂದಿನ ಪೋಪ್ ಪಾಯಸದ ಜೊತೆ ಬರುತ್ತಾನೆ. ಕಳೆದ ತಿಂಗಳು ನಮ್ಮ ಕನ್ನಡ ಸಂಘದ ಸಭೆಯಲ್ಲಿ, ಅಧ್ಯಕ್ಷರ ಮೇಲೆ ಕೂಗಾಡಿದ ಉದಯಕುಮಾರನ ಕುಟುಂಬವನ್ನು ಹೊರಗಿಡುವ ಮಾತು ಬಂತು. ಅವರನ್ನು ಯಾರೂ ಮನೆಗೆ ಕರೆಯಬಾರದು, ಅವರ ಮನೆಗೆ ಹೋಗಲೂಬಾರದು ಎಂದರು ಕೆಲವರು. "ಬಹಿಷ್ಕಾರದಲ್ಲಿ ಎಕ್ಸ್‌ಪರ್ಟು ನೀವೇ, ಹೇಳಿ ಸರ್" ಎಂದು ಅಧ್ಯಕ್ಷರು ನಕ್ಕರು. ಗದಿಗೆಪ್ಪನವರು ಎದ್ದು ನಿಂತರು. ಅವರ ದನಿ ಎಂದಿನಂತಿರಲಿಲ್ಲ. "ನಾ ಸಣ್ಣಾಂವ ಇದ್ದಾಗ ಊರ ಸ್ವಾಮಿಗೋಳು ನಮ್ಮ ಮನಿಗೆ ಬಹಿಷ್ಕಾರ ಹಾಕಿದ್ರು. ನಮ್ಮವ್ವ ತೀರಿಕೊಂಡಾಗ ಹೆಗಲು ಕೊಡಾಕ ಯಾರೂ ಬರಲಿಲ್ಲ. ಅಪ್ಪ, ನಾನು ಇಬ್ರ ಕೂಡಿ ಎತ್ತಿನ ಚಕ್ಕಡ್ಯಾಗ ಒಯ್ದ್ವಿ. ಒಬ್ಬ ಮನಷ್ಯಾಗ ಅಷ್ಟು ತಾಕತ್ತು ಎಲ್ಲಿಂದ ಬರ್ತದ ಅಂತ ಹುಡುಕ್ಕೋತ ಹೋಗಿ ನಾ ರೋಮ್ ಮುಟ್ಟಿದ್ದು." ಅಧ್ಯಕ್ಷರು ತಲೆ ತಗ್ಗಿಸಿ, ಆ ವಿಷಯ ಬಿಡೋಣ ಎಂದರು. ಗದಿಗೆಪ್ಪನವರು ಅಲ್ಲೇ ಫೋನು ತೆಗೆದು, ಉದಯಕುಮಾರನನ್ನು ಭಾನುವಾರದ ಊಟಕ್ಕೆ ಕರೆದರು.