ಹವಾಲ್ದಾರ ಅಂದರೆ ಯಾರು?

ಮೈಸೂರು ದಂಡಿನಲ್ಲಿ ನಾನು ಸುಬೇದಾರನಾಗಿದ್ದೆ. ಸುಳ್ಳು ಬಿಡಿ. ದಂಡಿನವರೊಬ್ಬರು ನನ್ನ ಕೊರಳಪಟ್ಟಿ ಹಿಡಿದಿದ್ದರು, ಅಷ್ಟೇ ನಿಜ.

ಐವತ್ತರ ದಶಕದ ಮಾತು. ತಂಗಿಯ ತಾಳಿಯನ್ನು ಚೀಲದಲ್ಲಿಟ್ಟುಕೊಂಡು ಗುಂಡ್ಲುಪೇಟೆಯಿಂದ ಚಾಮರಾಜನಗರದ ಮದುವೆಮನೆಗೆ ಬಸ್ಸು ಹತ್ತಿದ್ದೆ. ಕಾಲು ಚಾಚಲು ಜಾಗ ಸಿಗಲಿ ಅಂತ, ಪಕ್ಕದಲ್ಲಿ ಕೂತಿದ್ದ ದಂಡಿನ ಹವಾಲ್ದಾರರಿಗೆ "ಚೀಲದಲ್ಲಿ ನಾಗರಹಾವಿದೆ" ಅಂದೆ. ಅವರು ಅಲುಗಾಡಲಿಲ್ಲ.

"ಹವಾಲ್ದಾರ ಅಂದ್ರೇನಣ್ಣ?" ಅಂತ ಕೆಣಕಿದೆ.

"ಪಾರಸಿ ಮಾತು ಕಣಪ್ಪ. ಹವಾಲೆ ಅಂದ್ರೆ ವಶಕ್ಕೆ ಕೊಟ್ಟಿದ್ದು, ದಾರ್ ಅಂದ್ರೆ ಇಟ್ಕೊಂಡೋನು. ನಂಬಿ ಕೊಟ್ಟಿದ್ನ ಕಾಯೋನು."

"ಹಂಗಾದ್ರೆ ಇದ್ನ ಕಾಯಣ್ಣ" ಅಂತ ಚೀಲ ಕೊಟ್ಟು, ತೆರಕಣಾಂಬಿಯಲ್ಲಿ ಎಲೆಅಡಿಕೆ ಕೊಳ್ಳಲು ಇಳಿದೆ. ಬಸ್ಸು ಹೊರಟೇಹೋಯಿತು!

ಲಾರಿ ಹಿಡಿದು ಚಾಮರಾಜನಗರ ಮುಟ್ಟಿದಾಗ ಮುಹೂರ್ತ ಹತ್ತಿರವಾಗಿತ್ತು. ಹವಾಲ್ದಾರರು ಚೀಲ ತಬ್ಬಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ಕೂತಿದ್ದರು.

"ಹಾವಿಗೆ ಉಸ್ರು ಕಟ್ಟದಿರ್ಲಿ ಅಂತ ಬಿಚ್ಚುದ್ರೆ ತಾಳಿ ಐತೆ! ಎಲ್ಲಿ ಕದ್ಯಲಾ?"

"ನನ್ ತಂಗೀದಣ್ಣೋ!"

"ನೀ ಒಪ್ಸಿದ್ದು ಹಾವು. ತಾಳಿ ಯಾರ್ದೋ ಅವರ್ಗೇ ಕೊಡ್ತೀನಿ, ನಡಿ."

ಕೊರಳಪಟ್ಟಿ ಹಿಡಿದೇ ಮದುವೆ ಚಪ್ಪರಕ್ಕೆ ಎಳೆದೊಯ್ದರು. ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ಇದು ಯಾರ್ದವ್ವ?"

ಹುಟ್ಟಿದಾಗಿನಿಂದ ನನ್ನ ಕೀಟಲೆ ಸಹಿಸಿದ್ದ ತಂಗಿ ತಾಳಿ ನೋಡಿದಳು, ನನ್ನ ನೋಡಿದಳು. "ತಾಳಿ ನಂದೇ ಕಣಣ್ಣ. ಇವ್ನ್ಯಾರೋ ಗೊತ್ತಿಲ್ಲ."

ಒಡಹುಟ್ಟಿದ ತಂಗಿಯ ಧಾರೆಯನ್ನು ಚಪ್ಪರದ ಕಂಬದ ಬಳಿ, ಹವಾಲ್ದಾರರ ಹವಾಲೆಯಲ್ಲಿ ನಿಂತು ನೋಡಿದೆ.

ಹೇಳಿ ಹೇಳಿ ಗಂಟಲು ಒಣಗಿತು ಸ್ವಾಮಿ. ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.