ಕೆಂಗೇರಿಯಲ್ಲಿ ನದಿ ತೋರಿಸಿದ್ದು

ಅಕ್ಕನನ್ನು ನೋಡಲು ಬಂದ ಹುಡುಗನ ತಾಯಿಯ ಮುಂದೆ, "ನಮ್ಮ ಬೆಂಗಳೂರಲ್ಲೂ ನದಿ ಇದೆ, ದಂಡೆ ಮೇಲೇ ಬಿಸಿ ಇಡ್ಲಿ ಸಿಗುತ್ತೆ" ಎಂದು ಜಂಭ ಕೊಚ್ಚಿದ್ದು ನನ್ನ ಮೂರ್ಖತನ. ಹರಿಹರದ ಹೆಂಗಸು, ಎಲ್ಲೇ ನದಿ ಕಂಡರೂ ತಲೆಗೆ ನೀರು ಹಾಕಿಕೊಳ್ಳದೆ ಮುಂದೆ ಹೋಗುವವರಲ್ಲ; ತೋರಿಸು ಎಂದು ನನ್ನನ್ನು ಹೊರಡಿಸಿಯೇ ಬಿಟ್ಟರು.

ಕೆಂಗೇರಿ ಸೇತುವೆಯ ಬಳಿ ಆಟೊ ಇಳಿದರೆ ವೃಷಭಾವತಿ ಕಪ್ಪಗೆ, ಮೈತುಂಬ ನೊರೆ ಹೊತ್ತು ಹರಿಯುತ್ತಿದ್ದಳು. ಅವರು ನೀರಿಗಿಳಿಯಲು ಸೆರಗು ಸಿಕ್ಕಿಸಿದರು. ಸಂಬಂಧ ಈ ನೊರೆಯಲ್ಲೇ ಮುಳುಗಿತು ಎಂದುಕೊಂಡೆ.

"ಜಾರುತ್ತೆ ಅಮ್ಮ, ನೀವಿಲ್ಲೇ ಇರಿ, ನಾನೇ ತರ್ತೀನಿ!"

ಪೊದೆಯ ಮರೆಗೆ ಓಡಿ, ಬ್ಯಾಗಿನಲ್ಲಿದ್ದ ಬಾಟಲಿಯ ನೀರನ್ನೇ ಅಂಗೈಗೆ ಸುರಿದು ತಂದೆ. ಅವರು ಕಣ್ಣು ಮುಚ್ಚಿ ಭಕ್ತಿಯಿಂದ ತಲೆಗೆ ಹಾಕಿಕೊಂಡರು.

ಆಟೊ ಹತ್ತಿದ ಮೇಲೆ ಹೇಳಿದರು: "ಬಾಟ್ಲಿಯಾಗೆ ಇನ್ನೂ ನೀರು ಉಳಿದಿದ್ರೆ ಕೊಡಪ್ಪಾ, ಬಾಯಾರೈತಿ. ಅಂದಂಗೆ, ನಿಮ್ಮಕ್ಕನೂ ನಿನ್ನಂಗೇ ಏನು?"